ಈಜಿಪ್ಟಿನ ಐದು ಪಿಯಾಸ್ಟರ್ ರೊಟ್ಟಿ: ಮೂವತ್ತು ವರ್ಷ ಯಾರೂ ಯಾಕೆ ಮುಟ್ಟಲಿಲ್ಲ?

ಗೋಧಿಬಣ್ಣ
2024ರ ಜೂನ್ 1ರಂದು ಈಜಿಪ್ಟ್ ಸರ್ಕಾರ ರೇಷನ್ ರೊಟ್ಟಿಯ ಬೆಲೆಯನ್ನು 5 ಪಿಯಾಸ್ಟರ್‌ನಿಂದ 20 ಪಿಯಾಸ್ಟರ್‌ಗೆ ಏರಿಸಿತು. ಒಂದೇ ಏಟಿಗೆ ನಾಲ್ಕು ಪಟ್ಟು. ಅಲ್ಲಿ ನೂರು ಪಿಯಾಸ್ಟರ್‌ಗೆ ಒಂದು ಪೌಂಡ್. ಆಗಿನ ಲೆಕ್ಕದಲ್ಲಿ ಒಂದು ಪೌಂಡ್ ಅಂದರೆ ನಮ್ಮ ಸುಮಾರು ಒಂದು ಮುಕ್ಕಾಲು ರೂಪಾಯಿ. ಹಾಗಾಗಿ ಒಂಬತ್ತು ಪೈಸೆಗೆ ಸಿಗುತ್ತಿದ್ದ ರೊಟ್ಟಿ ಮೂವತ್ತೈದು ಪೈಸೆಗೆ ಬಂತು.

ಸೋಜಿಗ ಅಂದರೆ ಅದಕ್ಕೂ ಮೊದಲಿನ ಕಥೆ. 1980ರ ದಶಕದ ಕೊನೆಯಿಂದ ಆ ಐದು ಪಿಯಾಸ್ಟರ್ ಕದಲಿರಲಿಲ್ಲ. ಅಧ್ಯಕ್ಷರಲ್ಲಿ ಮುಬಾರಕ್ ಹೋದರು, ಮೊರ್ಸಿ ಬಂದು ಹೋದರು, ಸಿಸಿ ಬಂದರು. ಪೆಟ್ರೋಲ್, ಕರೆಂಟು, ಮೆಟ್ರೋ ಟಿಕೆಟ್ ಎಲ್ಲ ಏರಿದವು, ರೊಟ್ಟಿ ಮಾತ್ರ ಇದ್ದಲ್ಲೇ ಇತ್ತು. ತಿಳಿದವರು ಹೇಳಿ: ಇಷ್ಟು ವರ್ಷ ಯಾಕೆ ಮುಟ್ಟಲಿಲ್ಲ? ಮುಟ್ಟಿದಾಗ 1977ರ ಹಾಗೆ ಜನ ಯಾಕೆ ಬೀದಿಗೆ ಬರಲಿಲ್ಲ?

ನೈಲ್ ದಂಡೆ
ಮೊದಲ ಪ್ರಶ್ನೆಗೆ ಉತ್ತರ ಆ ಪದದಲ್ಲೇ ಇದೆ. ಬೇರೆ ಹೆಚ್ಚಿನ ಅರಬ್ ದೇಶಗಳಲ್ಲಿ ರೊಟ್ಟಿಗೆ ಖುಬ್ಜ್ ಅಂತಾರೆ, ಈಜಿಪ್ಟಿನವರು "ಐಶ್" ಅಂತಾರೆ. ಐಶ್ ಅಂದರೆ ಬದುಕು. ಸಂಪಾದನೆಗೆ "ಅಕ್ಲ್ ಐಶ್", ರೊಟ್ಟಿ ತಿನ್ನೋದು. ನಾವು ಉಪ್ಪಿನ ಋಣ ಅನ್ನುವ ಕಡೆ ಅವರು "ಐಶ್ ವ ಮಲ್ಹ್" ಅಂತಾರೆ, ರೊಟ್ಟಿ ಮತ್ತು ಉಪ್ಪು. 2011ರ ದಂಗೆಯಲ್ಲಿ ಕೈರೋದ ತಹ್ರೀರ್ ಚೌಕದ ಘೋಷಣೆ ನೆನಪು ಮಾಡಿಕೊಳ್ಳಿ: ಐಶ್, ಹುರ್ರಿಯ್ಯಾ, ಅದಾಲಾ ಇಗ್ತಿಮಾಇಯ್ಯಾ. ರೊಟ್ಟಿ, ಸ್ವಾತಂತ್ರ್ಯ, ಸಾಮಾಜಿಕ ನ್ಯಾಯ. ರೊಟ್ಟಿಯೇ ಮೊದಲು.

ಇನ್ನು 1977. ಜನವರಿ 17ರಂದು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಒತ್ತಾಯಕ್ಕೆ ಸಬ್ಸಿಡಿ ಕಡಿತ ಪ್ರಕಟಿಸಿದರು. 18, 19ರಂದು ಅಲೆಕ್ಸಾಂಡ್ರಿಯಾದಿಂದ ಅಸ್ವಾನ್‌ವರೆಗೆ ಊರುಗಳು ಹೊತ್ತಿ ಉರಿದವು. ಸೈನ್ಯ ಇಳಿಯಿತು, ಕರ್ಫ್ಯೂ ಬಂತು, ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಗಿನ ಅಧ್ಯಕ್ಷ ಸಾದಾತ್ ಅದನ್ನು ಕಳ್ಳರ ದಂಗೆ ಅಂತ ಕರೆದರು, ಆದರೆ ಬೆಲೆ ಏರಿಕೆಯನ್ನು ಪೂರ್ತಿ ವಾಪಸ್ ತೆಗೆದುಕೊಂಡರು. ಆಮೇಲೆ ಬಂದ ಪ್ರತಿಯೊಂದು ಸರ್ಕಾರದ ತಲೆಯಲ್ಲೂ ಆ ಎರಡು ದಿನ ಕೂತಿದ್ದವು.

ಲೆಕ್ಕಪತ್ರ
ಒಂದು ತಿದ್ದುಪಡಿ ಸರ್. 1977ರ ಪಟ್ಟಿಯಲ್ಲಿ ಬಡವರ ಬಲದಿ ರೊಟ್ಟಿ, ಅಂದರೆ ಈ ರೇಷನ್ ರೊಟ್ಟಿ, ಇರಲಿಲ್ಲ. ಬಿಳಿ ಹಿಟ್ಟು, ಫಿನೊ ರೊಟ್ಟಿ, ಸಕ್ಕರೆ, ಚಹಾ, ಅಕ್ಕಿ, ಅಡುಗೆ ಗ್ಯಾಸ್ ಇದ್ದವು. ಆದರೂ ಎಲ್ಲರ ಬಾಯಲ್ಲಿ ಅದು "ರೊಟ್ಟಿ ದಂಗೆ" ಅಂತಲೇ ಉಳಿಯಿತು.

ನೈಲ್ ದಂಡೆ
ಸರಿ, ಒಪ್ಪಿದೆ. ಫಿನೊ ಅಂದರೆ ಉದ್ದನೆಯ ಬಿಳಿ ಬನ್ನು, ಮಕ್ಕಳ ಟಿಫಿನ್ನಿಗೆ ಕಟ್ಟೋದು. ಬಲದಿ ಬೇರೆ.

ಬಯಲುಸೀಮೆ
ಅಲ್ರೀ, ಈ ಬಲದಿ ಅಂದ್ರ ಹೆಂಗಿರ್ತೈತಿ? ನಮ್ಮ ಚಪಾತಿ ಹಂಗೋ, ತಂದೂರಿ ಹಂಗೋ? ಮನ್ಯಾಗ ಯಾಕ ಮಾಡ್ಕೊಳ್ಳಂಗಿಲ್ಲ ಅವರು?

ಹಿಟ್ಟಿನ ಗಿರಣಿ
ಚಪಾತಿ ಅಲ್ಲ ಅಣ್ಣಾ. ಇದು ಹುದುಗು ಹಾಕಿದ, ಎರಡು ಪದರ ಬಿಡುವ ದುಂಡನೆ ರೊಟ್ಟಿ. ಅಲ್ಲಿ ಒಂದೊಂದಕ್ಕೂ "ರಗೀಫ್" ಅಂತಾರೆ.

ಹಿಟ್ಟು ಮೈದಾನೂ ಅಲ್ಲ, ನಮ್ಮ ಚಕ್ಕಿ ಆಟಾನೂ ಅಲ್ಲ. ನೂರು ಕೆಜಿ ಗೋಧಿ ಬೀಸಿ 82 ಕೆಜಿ ಹಿಟ್ಟು ತೆಗೆದು 18 ಕೆಜಿ ಬೂಸಾ ಬೇರೆ ಮಾಡೋದು ಹಳೆಯ ಲೆಕ್ಕ. ಕಣಕ ತುಂಬ ನೀರಾಗಿ ಇರುತ್ತದೆ. ಲಟ್ಟಣಿಗೆಯಲ್ಲಿ ಲಟ್ಟಿಸಲಿಕ್ಕೆ ಬರುವುದೇ ಇಲ್ಲ, ಕೈಗೆ ಅಂಟುತ್ತದೆ. ಅದಕ್ಕೇ ಮರದ ಹಲಗೆ ಮೇಲೆ ಬೂಸಾ ಉದುರಿಸಿ, ಉಂಡೆಗಳನ್ನು ಅದರ ಮೇಲೆ ಬಿಟ್ಟು, ತಟ್ಟಿ, ಇನ್ನೊಮ್ಮೆ ಉಬ್ಬಲು ಬಿಡುತ್ತಾರೆ. ಒಲೆಯ ಶಾಖ 400 ಡಿಗ್ರಿ ದಾಟಿರಬೇಕು. ಒಂದೆರಡು ನಿಮಿಷದಲ್ಲಿ ಒಳಗಿನ ನೀರು ಆವಿಯಾಗಿ ರೊಟ್ಟಿ ಚೆಂಡಿನ ಹಾಗೆ ಉಬ್ಬುತ್ತದೆ. ಶಾಖ ಕಡಿಮೆಯಾದರೆ ಆವಿ ಮೆಲ್ಲಗೆ ಸೋರಿಹೋಗಿ ರೊಟ್ಟಿ ಹಪ್ಪಳದ ಹಾಗೆ ಒಣಗುತ್ತದೆ, ಪದರ ಬಿಡುವುದಿಲ್ಲ. ಪದರ ಬಿಡದಿದ್ದರೆ ಒಳಗೆ ಫೂಲ್, ಅಂದರೆ ಬೇಯಿಸಿದ ಕಾಳಿನ ಪಲ್ಯ, ತುಂಬುವುದು ಹೇಗೆ? ಮನೆಯ ಗ್ಯಾಸ್ ಒಲೆಗೆ ಆ ಶಾಖ ಬರುವುದಿಲ್ಲ. ಪಟ್ಟಣದವರು ಫುರ್ನ್‌ಗೆ, ಅಂದರೆ ರೊಟ್ಟಿ ಭಟ್ಟಿಗೆ, ಹೋಗುವುದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ, ಇಪ್ಪತ್ತು ಪಿಯಾಸ್ಟರ್‌ಗೆ ಮನೆಯಲ್ಲಿ ಹಿಟ್ಟೂ ಬರುವುದಿಲ್ಲ.

ಬಿಸಿ ರೊಟ್ಟಿಯನ್ನು ಹಾಗೇ ಚೀಲಕ್ಕೆ ತುಂಬಿದರೆ ಬೆವರಿ ಮಾರನೇ ದಿನ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಭಟ್ಟಿಯ ಮುಂದೆ ಖರ್ಜೂರದ ಗರಿದಂಡಿನ ತಟ್ಟಿ ಇರುತ್ತದೆ. ರೊಟ್ಟಿ ತೆಗೆದುಕೊಂಡ ಹೆಂಗಸರು ಅದರ ಮೇಲೆ ಒಂದೊಂದೇ ಹರವಿ, ತಿರುವಿ ಹಾಕಿ, ಆರಿದ ಮೇಲೆ ಎಣಿಸಿ ಕಟ್ಟಿಕೊಂಡು ಹೋಗುತ್ತಾರೆ.

ಮಲೆನಾಡ ಮಳೆ
ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲವಲ್ಲ. 2024ರಲ್ಲಿ ಜನ ಯಾಕೆ ಸುಮ್ಮನಿದ್ದರು?

ಲೆಕ್ಕಪತ್ರ
ಮೇಡಂ, ಬೆಲೆ ಏರಿಕೆ 2024ರಲ್ಲಿ ಶುರುವಾದದ್ದಲ್ಲ, ಅದಕ್ಕೇ. ಮೊದಲು ತೂಕ ಇಳಿಯಿತು. ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಲ್ಲಿದೆ.

2020ರ ಆಗಸ್ಟ್‌ನಲ್ಲಿ ರೊಟ್ಟಿಯ ತೂಕವನ್ನು 110 ಗ್ರಾಂನಿಂದ 90 ಗ್ರಾಂಗೆ ತಂದರು. ಅದಕ್ಕೂ ಹಿಂದೆ 130 ಗ್ರಾಂ ಇತ್ತು. ಬೆಲೆ ಅದೇ ಐದು ಪಿಯಾಸ್ಟರ್. ಒಬ್ಬರಿಗೆ ದಿನಕ್ಕೆ ಐದು ರೊಟ್ಟಿ, ತಿಂಗಳಿಗೆ 150. 110 ಗ್ರಾಂ ಇದ್ದಾಗ ತಿಂಗಳಿಗೆ ಹದಿನಾರೂವರೆ ಕೆಜಿ ರೊಟ್ಟಿ, 90 ಗ್ರಾಂ ಆದಾಗ ಹದಿಮೂರೂವರೆ. ನಾಲ್ಕು ಜನರ ಮನೆಗೆ ತಿಂಗಳಿಗೆ 12 ಕೆಜಿ ರೊಟ್ಟಿ ಕಡಿಮೆ! ಫಲಕದ ಮೇಲಿನ ಅಂಕಿ ಬದಲಾಗಲಿಲ್ಲ, ಹಾಗಾಗಿ ಎಷ್ಟೋ ಜನ ಅದನ್ನು ಬೆಲೆ ಏರಿಕೆ ಅಂತ ಗಣಿಸಲೇ ಇಲ್ಲ. ಆದರೆ ರೊಟ್ಟಿ ಕೈಗೆ ತೆಗೆದುಕೊಂಡ ತಾಯಿಗೆ ಗೊತ್ತಾಗದೆ ಇರುತ್ತದೆಯೇ?

2024ರ ಲೆಕ್ಕ ಬೇಕಾದರೆ: ತಲೆಗೆ ತಿಂಗಳಿಗೆ ಏಳೂವರೆ ಪೌಂಡ್ ಇದ್ದದ್ದು 30 ಪೌಂಡ್ ಆಯಿತು. ನಾಲ್ಕು ಜನಕ್ಕೆ 30ರಿಂದ 120. ಸರ್ಕಾರ ಒಂದು ರೊಟ್ಟಿಗೆ ತನಗೆ 125 ಪಿಯಾಸ್ಟರ್ ಬೀಳುತ್ತದೆ ಅಂದಿತು.

ಕೆಂಪುಸಮುದ್ರ
ಲೆಕ್ಕಪತ್ರದವರ ಲೆಕ್ಕ ಸರಿ, ತೀರ್ಮಾನ ಒಪ್ಪಲಾರೆ. ತೂಕ ಇಳಿದದ್ದಕ್ಕೆ ಜನ ಸುಮ್ಮನಿದ್ದರು ಅನ್ನುವುದು ಅರ್ಧ ಸತ್ಯ. 2013ರ ನವೆಂಬರ್‌ನಲ್ಲಿ ಬಂದ ಪ್ರತಿಭಟನಾ ಕಾಯ್ದೆಯ ಪ್ರಕಾರ ಮೊದಲೇ ತಿಳಿಸದೆ ಬೀದಿಗೆ ಇಳಿದರೆ ಶಿಕ್ಷೆ. ಜನ ಹೆದರಿದ್ದಾರೆ. ಅವರಿಗೆ ತೂಕ ಗೊತ್ತಿರಲಿಲ್ಲ ಅನ್ನುವುದು ಬೇಡ.

ಲೆಕ್ಕಪತ್ರ
ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಕಾಯ್ದೆ ಇರುವಾಗಲೇ 2017ರ ಮಾರ್ಚ್‌ನಲ್ಲಿ ಜನ ರಸ್ತೆಗೆ ಬಂದರಲ್ಲ, ಅದಕ್ಕೇನು ಹೇಳುತ್ತೀರಿ?

ಗೋಧಿಬಣ್ಣ
2017ರಲ್ಲಿ ಏನಾಯಿತು? ಬಿಡಿಸಿ ಹೇಳಿ.

ನೈಲ್ ದಂಡೆ
ಅದಕ್ಕೆ ಕಾರ್ಡಿನ ಪದ್ಧತಿ ಗೊತ್ತಿರಬೇಕು. 2014ಕ್ಕೆ ಮೊದಲು ಸಬ್ಸಿಡಿ ಹಿಟ್ಟಿನ ಮೇಲಿತ್ತು. ಭಟ್ಟಿಯವನಿಗೆ ಟನ್ನಿಗೆ 160 ಪೌಂಡಿಗೆ, ಅಂದರೆ ನೂರು ಕೆಜಿ ಮೂಟೆ 16 ಪೌಂಡಿಗೆ ಸಿಗುತ್ತಿತ್ತು. ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕೆ ಹತ್ತಾರು ಪಟ್ಟು ಬೆಲೆ. ಸುಡುವುದಕ್ಕಿಂತ ಮೂಟೆ ಹಾಗೇ ಮಾರುವುದೇ ಲಾಭ ಆದಾಗ ಹಿಟ್ಟು ಹಿತ್ತಿಲ ಬಾಗಿಲಿಂದ ಹೋಗುತ್ತಿತ್ತು. ರೊಟ್ಟಿ ಸಣ್ಣದಾಗುತ್ತಿತ್ತು, ಕ್ಯೂ ಉದ್ದವಾಗುತ್ತಿತ್ತು. 2008ರಲ್ಲಿ ಜಗತ್ತಿನಲ್ಲೇ ಗೋಧಿ ಬೆಲೆ ಏರಿದಾಗ ಕ್ಯೂನಲ್ಲಿ ಹೊಡೆದಾಡಿ ಜನ ಸತ್ತರು. ಮುಬಾರಕ್ ಸೈನ್ಯದ ಭಟ್ಟಿಗಳಿಗೆ ರೊಟ್ಟಿ ಸುಡಲು ಹೇಳಬೇಕಾಯಿತು. ಮಹಲ್ಲಾ ಅಲ್ ಕುಬ್ರಾದ ಬಟ್ಟೆ ಗಿರಣಿ ಊರಿನಲ್ಲಿ ಜನ ಸಿಡಿದೆದ್ದದ್ದೂ ಆ ವರ್ಷದ ಏಪ್ರಿಲ್ 6ರಂದೇ.

2014ರಿಂದ ಭಟ್ಟಿಯವನು ಹಿಟ್ಟನ್ನು ಪೂರ್ತಿ ಬೆಲೆಗೆ ಕೊಳ್ಳಬೇಕು. ಗಿರಾಕಿ ಸ್ಮಾರ್ಟ್ ಕಾರ್ಡ್ ತರುತ್ತಾನೆ, ಮಷಿನ್‌ಗೆ ಹಾಕಿದಾಗ ಎಷ್ಟು ರೊಟ್ಟಿ ಅಂತ ದಾಖಲಾಗುತ್ತದೆ, ವ್ಯತ್ಯಾಸದ ಹಣವನ್ನು ಸರ್ಕಾರ ಭಟ್ಟಿಗೆ ಕಟ್ಟುತ್ತದೆ. ಹಿಟ್ಟು ಕದ್ದು ಮಾರಿದರೆ ಇನ್ನು ಲಾಭವಿಲ್ಲ. ಕ್ಯೂ ಕರಗಿತು. ಇದು ಒಳ್ಳೆಯ ಕೆಲಸ, ಯಾರ ಸರ್ಕಾರ ಮಾಡಿದರೂ ಒಳ್ಳೆಯ ಕೆಲಸವೇ. ಉಳಿಸಿದ ರೊಟ್ಟಿಗೆ ಒಂದಕ್ಕೆ ಹತ್ತು ಪಿಯಾಸ್ಟರ್ ಲೆಕ್ಕದಲ್ಲಿ ಪಾಯಿಂಟ್ ಕೊಟ್ಟು, ಅದರಲ್ಲಿ ದಿನಸಿ ತೆಗೆದುಕೊಳ್ಳುವ ಅವಕಾಶವನ್ನೂ ಇಟ್ಟರು.

ಕಾರ್ಡ್ ಕಳೆದುಹೋದವರು, ಇನ್ನೂ ಕಾಗದದ ಚೀಟಿಯಲ್ಲಿದ್ದವರಿಗಾಗಿ ಪ್ರತಿ ಭಟ್ಟಿಯಲ್ಲಿ ಒಂದು "ಚಿನ್ನದ ಕಾರ್ಡ್" ಇತ್ತು. 2017ರ ಮಾರ್ಚ್‌ನಲ್ಲಿ ಆ ಕಾರ್ಡಿನ ದಿನದ ಮಿತಿಯನ್ನು 500 ರೊಟ್ಟಿಗೆ ಇಳಿಸಿದರು. ಬೆಳಗ್ಗೆ ಬಂದವರಿಗೆ "ಮುಗಿಯಿತು" ಅಂದರು. ಅಲೆಕ್ಸಾಂಡ್ರಿಯಾದಲ್ಲಿ, ಕೈರೋ ಪಕ್ಕದ ಇಂಬಾಬಾದಲ್ಲಿ ಹೆಂಗಸರು ರಸ್ತೆ ತಡೆದರು. ಒಂದೆರಡು ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು.

ಲೆಕ್ಕಪತ್ರ
ಅದನ್ನೇ ನಾನು ಹೇಳುವುದು ಕೆಂಪುಸಮುದ್ರ ಸರ್. ರೊಟ್ಟಿ ಇಲ್ಲ ಅಂದಾಗ ಕಾಯ್ದೆ ಇದ್ದರೂ ಬಂದರು. ರೊಟ್ಟಿ ಸಣ್ಣದು ಅಂದಾಗ, ದುಬಾರಿ ಅಂದಾಗ ಬರಲಿಲ್ಲ.

ಕೆಂಪುಸಮುದ್ರ
ಈ ಮಾತು ಒಪ್ಪುತ್ತೇನೆ. ಆದರೂ ಒಂದು ಸೇರಿಸಿ: ಸಿಸಿ 2021ರ ಆಗಸ್ಟ್‌ನಲ್ಲೇ, ಒಂದು ಸಿಗರೇಟಿನ ಬೆಲೆಗೆ ಇಪ್ಪತ್ತು ರೊಟ್ಟಿ ಕೊಡುವುದು ಇನ್ನು ಆಗದು ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಮೂರು ವರ್ಷ ಮೊದಲೇ ಕಿವಿಗೆ ಹಾಕಿದ್ದರು.

ಬಯಲುಸೀಮೆ
ಐದು ಪಿಯಾಸ್ಟರ್ ನಾಣ್ಯ ಇನ್ನೂ ಚಾಲ್ತಿ ಇತ್ತೇನ್ರೀ? ಅಷ್ಟು ಚಿಲ್ಲರೆ ಎಲ್ಲಿಂದ ತರ್ತಾರ?

ನೈಲ್ ದಂಡೆ
ಪೇಟೆಯಲ್ಲಿ ಕಾಣುವುದೇ ಅಪರೂಪ. ಜನ ಐದಕ್ಕೂ ಹತ್ತಕ್ಕೂ ಒಟ್ಟಿಗೆ ಕೊಳ್ಳುವುದರಿಂದ ಹೊಂದುತ್ತಿತ್ತು. ಹತ್ತು ರೊಟ್ಟಿಗೆ ಅರ್ಧ ಪೌಂಡ್, ಇಪ್ಪತ್ತಕ್ಕೆ ಒಂದು ಪೌಂಡ್. ಆಡುಮಾತಿನಲ್ಲಿ ಐದು ಪಿಯಾಸ್ಟರ್‌ಗೆ "ಶಿಲಿನ್" ಅಂತಾರೆ, ಬ್ರಿಟಿಷರ ಶಿಲ್ಲಿಂಗ್ ಉಳಿದುಕೊಂಡದ್ದು. ಹತ್ತಕ್ಕೆ "ಬರೀಜಾ", ಇಪ್ಪತ್ತಕ್ಕೆ "ರಿಯಾಲ್". ನಾವು ನಾಲ್ಕಾಣೆ ಎಂಟಾಣೆ ಅನ್ನುತ್ತಿದ್ದ ಹಾಗೆ. ಅಲ್ಲಿನವರ ಮಾತಿನಲ್ಲಿ ಹೇಳಬೇಕಾದರೆ ರೊಟ್ಟಿ ಶಿಲಿನ್‌ನಿಂದ ರಿಯಾಲ್‌ಗೆ ಹೋಯಿತು.

ಹಿಟ್ಟಿನ ಗಿರಣಿ
ತೂಕದ ಬಗ್ಗೆ ಮಾತಾಡುವಾಗ ಹಿಟ್ಟನ್ನೂ ನೋಡಬೇಕು. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದ ಮೇಲೆ ಸರ್ಕಾರ ಹಿಟ್ಟು ತೆಗೆಯುವ ಪ್ರಮಾಣವನ್ನು 82ರಿಂದ 87.5ಕ್ಕೆ ಏರಿಸಿತು. ಅಂದರೆ ಮೊದಲು ನೂರು ಕೆಜಿ ಗೋಧಿಯಿಂದ ಬರುತ್ತಿದ್ದ ಹಿಟ್ಟು ಈಗ ಸುಮಾರು 94 ಕೆಜಿ ಗೋಧಿಯಿಂದ ಬರುತ್ತದೆ. ಉಳಿತಾಯ ದೊಡ್ಡದು. ಆದರೆ ಹಿಟ್ಟಿನಲ್ಲಿ ಬೂಸಾ ಜಾಸ್ತಿ ಆದರೆ ಏನಾಗುತ್ತದೆ? ಬೂಸಾ ನೀರು ಕುಡಿಯುತ್ತದೆ, ಅದರ ಚೂಪು ಚೂರುಗಳು ಕಣಕದ ಅಂಟನ್ನು ಕತ್ತರಿಸುತ್ತವೆ. ರೊಟ್ಟಿ ಕಪ್ಪಗಾಗುತ್ತದೆ, ಉಬ್ಬು ಕಡಿಮೆಯಾಗುತ್ತದೆ. ಹಳೆಯ ಅಳತೆಯ ನೀರು ಹಾಕಿದರೆ ಕಣಕ ಗಟ್ಟಿ. ನೀರು ಹೆಚ್ಚಿಸಿ, ನೆನೆಯಲು ಸ್ವಲ್ಪ ಹೊತ್ತು ಕೊಟ್ಟು, ಆಮೇಲೆ ನಾದಬೇಕು. ಅವಸರದ ಭಟ್ಟಿಯಲ್ಲಿ ಆ ಹೊತ್ತು ಕೊಡುವುದಿಲ್ಲ, ಸಂಜೆಗೆ ರೊಟ್ಟಿ ಮುರಿಯುತ್ತದೆ.

ಇನ್ನೊಂದು: 90 ಗ್ರಾಂ ಅನ್ನುವುದು ಸುಟ್ಟ ರೊಟ್ಟಿಯ ತೂಕ, ಹಸಿ ಉಂಡೆಯದಲ್ಲ. ಅರೆಬೆಂದ ರೊಟ್ಟಿಯಲ್ಲಿ ನೀರು ಉಳಿದಿರುವುದರಿಂದ ತೂಕ ಬರುತ್ತದೆ. ತಕ್ಕಡಿ ಸರಿ ತೋರಿಸುತ್ತದೆ, ಹಿಟ್ಟು ಮಾತ್ರ ಕಡಿಮೆ. ಒಂದೇ ಒಂದು ಬಿಸಿ ರೊಟ್ಟಿ ತೂಗಿ ನೋಡಿದರೆ ಈ ಮೋಸ ಸಿಗುವುದಿಲ್ಲ, ಆರಿದ ಹತ್ತಾರು ರೊಟ್ಟಿ ಒಟ್ಟಿಗೆ ತೂಗಬೇಕು, ಮಧ್ಯದ ಪದರ ಹಿಸುಕಿ ನೋಡಬೇಕು.

ಮಲೆನಾಡ ಮಳೆ
ನೈಲ್ ನದಿ ಇರುವ ದೇಶಕ್ಕೆ ಗೋಧಿ ಯಾಕೆ ಸಾಲದು? ರೋಮ್ ಸಾಮ್ರಾಜ್ಯಕ್ಕೇ ಗೋಧಿ ಕಳಿಸುತ್ತಿದ್ದ ನೆಲ ಅಲ್ಲವೇ ಅದು.

ಲೆಕ್ಕಪತ್ರ
ನೆಲ ಅಷ್ಟೇ, ಬಾಯಿಗಳು ಹತ್ತು ಕೋಟಿ ದಾಟಿವೆ. ಸಾಗುವಳಿ ಆಗುವುದು ಇಡೀ ದೇಶದ ಶೇಕಡಾ ನಾಲ್ಕರ ಆಸುಪಾಸು ನೆಲದಲ್ಲಿ, ನದಿಯ ಎರಡು ದಂಡೆ ಮತ್ತು ಡೆಲ್ಟಾ. ವರ್ಷಕ್ಕೆ ಬೇಕಾಗುವ ಗೋಧಿ ಸುಮಾರು ಎರಡು ಕೋಟಿ ಟನ್, ಬೆಳೆಯುವುದು ಅದರ ಅರ್ಧ. ಉಳಿದದ್ದು ಹಡಗಿನಲ್ಲಿ ಬರಬೇಕು. 2022ಕ್ಕೆ ಮೊದಲು ಆಮದಿನ ಬಹುಪಾಲು ರಷ್ಯಾ, ಉಕ್ರೇನ್‌ಗಳದ್ದೇ. ಕಪ್ಪು ಸಮುದ್ರದಲ್ಲಿ ಯುದ್ಧ ಶುರುವಾದಾಗ ಕೈರೋದ ಖಜಾನೆಗೆ ಬೆಂಕಿ ಬಿದ್ದದ್ದು ಅದಕ್ಕೇ.

ಅದರ ಮೇಲೆ ಡಾಲರ್. 2016ರ ನವೆಂಬರ್‌ಗೆ ಮುಂಚೆ ಡಾಲರಿಗೆ 9 ಪೌಂಡ್ ಒಳಗಿತ್ತು. 2024ರ ಮಾರ್ಚ್ 6ರಂದು ಒಂದೇ ದಿನದಲ್ಲಿ 31ರ ಹತ್ತಿರದಿಂದ 50ರ ಹತ್ತಿರಕ್ಕೆ ಹೋಯಿತು. ಗೋಧಿಗೆ ಡಾಲರ್ ಕೊಟ್ಟು, ರೊಟ್ಟಿಗೆ ಪಿಯಾಸ್ಟರ್ ಪಡೆಯುವ ಸರ್ಕಾರದ ಕಷ್ಟ ಅರ್ಥವಾಗುತ್ತದೆ. ಬೆಲೆ ಏರಿದ್ದು ಆ ಮಾರ್ಚ್ ಆಗಿ ಮೂರೇ ತಿಂಗಳಿಗೆ.

ಕೆಂಪುಸಮುದ್ರ
ಭಾರತದ ಪಾತ್ರವನ್ನೂ ಹೇಳಬೇಕು. 2022ರ ಏಪ್ರಿಲ್‌ನಲ್ಲಿ ಈಜಿಪ್ಟ್ ಭಾರತದ ಗೋಧಿಗೆ ಒಪ್ಪಿಗೆ ಕೊಟ್ಟಿತು. ಮೇ 13ರಂದು ನಮ್ಮವರು ರಫ್ತು ನಿಷೇಧಿಸಿದರು. ಆಮೇಲೆ ಕಾಂಡ್ಲಾ ಬಂದರಿನಲ್ಲಿ ಆಗಲೇ ತುಂಬುತ್ತಿದ್ದ 61,500 ಟನ್‌ಗೆ ಮಾತ್ರ ಬಿಡುಗಡೆ ಕೊಟ್ಟರು.

ಬಯಲುಸೀಮೆ
ರೈತಗ ಏನ್ ಕೊಡ್ತಾರ ಅಲ್ಲಿ?

ಲೆಕ್ಕಪತ್ರ
ಗೋಧಿಯ ಅಳತೆ ಅಲ್ಲಿ "ಅರ್ದೆಬ್", 150 ಕೆಜಿ. ಸರ್ಕಾರದ ಖರೀದಿ ಬೆಲೆ 2024ರಲ್ಲಿ ಅರ್ದೆಬ್‌ಗೆ 2000 ಪೌಂಡ್, 2025ರಲ್ಲಿ 2200. ಕೊಯ್ಲು ಏಪ್ರಿಲ್ ಮಧ್ಯದಿಂದ. ಬೆಲೆ ಕಡಿಮೆ ಇಟ್ಟ ವರ್ಷ ರೈತ ಗೋಧಿಯನ್ನು ದನಕ್ಕೆ ಹಾಕುತ್ತಾನೆ ಅಥವಾ ಹೊರಗೆ ಮಾರುತ್ತಾನೆ, ಸರ್ಕಾರದ ಗೋದಾಮಿಗೆ ಬರುವುದಿಲ್ಲ.

ಗೋಧಿಬಣ್ಣ
ಈಗ ಅಲ್ಲಿ ರೊಟ್ಟಿಯ ಬದಲು ನಗದು ಕೊಡುವ ಮಾತು ನಡೆಯುತ್ತಿದೆಯಲ್ಲ, ಅದರ ಬಗ್ಗೆ? ನಮ್ಮಲ್ಲಿ 2023ರ ಜುಲೈನಲ್ಲಿ ಅನ್ನಭಾಗ್ಯದ ಐದು ಕೆಜಿ ಅಕ್ಕಿ ಸಿಗದೆ ತಲೆಗೆ 170 ರೂಪಾಯಿ ಹಾಕಿದರು. ಕೆಜಿಗೆ 34ರ ಲೆಕ್ಕ. ಅಂಗಡಿಯಲ್ಲಿ ಆ ಬೆಲೆಗೆ ಒಳ್ಳೆ ಅಕ್ಕಿ ಎಲ್ಲಿತ್ತು? 2025ರಲ್ಲಿ ಮತ್ತೆ ಅಕ್ಕಿಗೇ ಬಂದರು.

ಕೆಂಪುಸಮುದ್ರ
ನಗದೇ ಮೇಲು ಅನ್ನುವವನು ನಾನು. ಜೋರ್ಡಾನ್ 2018ರಲ್ಲಿ ರೊಟ್ಟಿ ಸಬ್ಸಿಡಿ ತೆಗೆದು, ಕಡಿಮೆ ವರಮಾನದ ಮನೆಗಳಿಗೆ ತಲೆಗೆ ವರ್ಷಕ್ಕೆ 27 ದಿನಾರ್ ಕೊಟ್ಟಿತು. 1977ರಂಥ ರೊಟ್ಟಿ ದಂಗೆ ಆಗಲಿಲ್ಲ. ಅಗ್ಗದ ರೊಟ್ಟಿಯನ್ನು ಕೋಳಿಗೆ, ಕುರಿಗೆ ಹಾಕುವುದು ನಿಲ್ಲುತ್ತದೆ. ಜನ ಬೇಕಾದದ್ದು ಕೊಳ್ಳಲಿ, ಬೇಳೆ, ಮೊಟ್ಟೆ, ಹಾಲು.

ಲೆಕ್ಕಪತ್ರ
ಜೋರ್ಡಾನ್‌ನ ದಿನಾರ್ ಡಾಲರಿಗೆ ಕಟ್ಟಿಕೊಂಡಿದೆ, ಈಜಿಪ್ಟಿನ ಪೌಂಡ್ ಹಾಗಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹಣದುಬ್ಬರ ಶೇಕಡಾ 38 ಮುಟ್ಟಿತ್ತು. ಕೈಗೆ ಕೊಟ್ಟ ನೋಟು ವರ್ಷದೊಳಗೆ ಕರಗುತ್ತದೆ. ರೊಟ್ಟಿ ಕರಗಬೇಕಾದರೆ ಸರ್ಕಾರವೇ ತೂಕ ಇಳಿಸಬೇಕು, ಆಗ ಹೆಸರು ಹೇಳಿ ಕೇಳಬಹುದು.

ದಾಖಲೆ ಬೇಕಾದರೆ: 2022ರ ಮಾರ್ಚ್‌ನಲ್ಲಿ ಕಾರ್ಡ್ ಇಲ್ಲದವರು ಕೊಳ್ಳುವ 90 ಗ್ರಾಂ ರೊಟ್ಟಿಗೆ ಸರ್ಕಾರ ಒಂದು ಪೌಂಡ್ ದರ ನಿಗದಿ ಮಾಡಿತು. ಅಂದೇ ನಗದು ಕೊಟ್ಟಿದ್ದರೆ 150 ರೊಟ್ಟಿಗೆ ತಲೆಗೆ 150 ಪೌಂಡ್. ಎರಡು ವರ್ಷಕ್ಕೆ ಸರ್ಕಾರದ್ದೇ ಖರ್ಚು ರೊಟ್ಟಿಗೆ 125 ಪಿಯಾಸ್ಟರ್, ಅಂದರೆ 187 ಪೌಂಡ್ ಐವತ್ತು. ಆ ಮೂವತ್ತೇಳೂವರೆ ಪೌಂಡ್ ಯಾರ ಜೇಬಿನಿಂದ ಹೋಗುತ್ತಿತ್ತು?

ಮಲೆನಾಡ ಮಳೆ
ಮನೆಯ ಒಳಗಿನ ವಿಷಯವೂ ಇದೆ. ರೊಟ್ಟಿ ಮನೆಗೆ ಬಂದರೆ ಮಕ್ಕಳ ತಟ್ಟೆಗೆ ಬರುತ್ತದೆ. ನಗದು ಯಾರ ಹೆಸರಿಗೆ ಬೀಳುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕೆಂಪುಸಮುದ್ರ
ಮೇಡಂ ಹೇಳಿದ್ದು ಗಟ್ಟಿ ಮಾತು. ನಗದು ಕೊಡುವುದಾದರೆ ಹೆಂಗಸರ ಹೆಸರಿಗೆ, ಪ್ರತಿ ಮೂರು ತಿಂಗಳಿಗೆ ರೊಟ್ಟಿಯ ಪೇಟೆ ಬೆಲೆ ನೋಡಿ ಏರಿಸುವ ಕಟ್ಟಳೆಯೊಂದಿಗೆ. ಈ ಎರಡೂ ಇಲ್ಲದಿದ್ದರೆ ನಾನೂ ಬೇಡ ಅನ್ನುತ್ತೇನೆ. ಸೂಡಾನ್ ಕಣ್ಣ ಮುಂದಿದೆ: 2018ರ ಡಿಸೆಂಬರ್‌ನಲ್ಲಿ ರೊಟ್ಟಿ ಒಂದು ಪೌಂಡಿನಿಂದ ಮೂರಕ್ಕೆ ಏರಿತು, ಅತ್ಬರಾ ಊರಿನಲ್ಲಿ ಜನ ಎದ್ದರು, 2019ರ ಏಪ್ರಿಲ್ 11ಕ್ಕೆ ಮೂವತ್ತು ವರ್ಷ ಆಳಿದ ಬಶೀರ್ ಇಳಿದರು. ಟ್ಯುನೀಶಿಯಾದಲ್ಲಿ 1984ರ ಜನವರಿಯಲ್ಲಿ ರೊಟ್ಟಿ ದಂಗೆ ಎದ್ದಾಗ ಅಧ್ಯಕ್ಷ ಬುರ್ಗೀಬಾ ಟಿವಿಗೆ ಬಂದು ಹಳೆಯ ಬೆಲೆಗೇ ಮರಳುತ್ತೇವೆ ಅನ್ನಬೇಕಾಯಿತು.

ಗೋಧಿಬಣ್ಣ
ಕಾರ್ಡಿನಲ್ಲಿ ರೊಟ್ಟಿ ಬಿಟ್ಟು ಬೇರೆ ಏನು ಸಿಗುತ್ತದೆ?

ನೈಲ್ ದಂಡೆ
"ತಮ್ವೀನ್" ಕಾರ್ಡಿನಲ್ಲಿ ಮೊದಲ ನಾಲ್ಕು ಜನಕ್ಕೆ ತಲಾ 50 ಪೌಂಡ್, ಮಿಕ್ಕವರಿಗೆ 25. ಅದರಲ್ಲಿ ಎಣ್ಣೆ, ಸಕ್ಕರೆ, ಪಾಸ್ತಾ ಇತ್ಯಾದಿ. ಆ 50 ಪೌಂಡ್ ವರ್ಷಗಳಿಂದ ಅಷ್ಟೇ ಇದೆ, ಎಣ್ಣೆ ಸಕ್ಕರೆ ಬೆಲೆ ಮಾತ್ರ ಓಡಿದೆ. ನಗದಿನ ಬಗ್ಗೆ ಲೆಕ್ಕಪತ್ರದವರು ಪಡುವ ಭಯಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಬಯಲುಸೀಮೆ
ವಿಷಯ ಬಿಟ್ಟು ಕೇಳ್ತೀನಿ, ಮಾಫ್ ಮಾಡ್ರಿ. ಆ ದೇಶದಾಗ ಜೋಳದ ರೊಟ್ಟಿ ಇಲ್ಲೇನು?

ಹಿಟ್ಟಿನ ಗಿರಣಿ
ಇದೆ ಅಣ್ಣಾ! ಮೇಲಿನ ಈಜಿಪ್ಟಿನಲ್ಲಿ, ಅಂದರೆ ದಕ್ಷಿಣದಲ್ಲಿ, ಮಿನ್ಯಾ, ಅಸ್ಯೂತ್ ಕಡೆ "ಬತ್ತಾವ್" ಅಂತ ಮಾಡುತ್ತಾರೆ. ಮೆಕ್ಕೆಜೋಳ ಅಥವಾ ಬಿಳಿಜೋಳದ ಹಿಟ್ಟಿಗೆ ಮೆಂತ್ಯದ ಪುಡಿ ಸೇರಿಸುತ್ತಾರೆ. ಜೋಳಕ್ಕೆ ಅಂಟು ಇಲ್ಲವಲ್ಲ, ಮೆಂತ್ಯದ ಲೋಳೆ ಹಿಡಿದು ನಿಲ್ಲಿಸುತ್ತದೆ. ತೆಳ್ಳಗೆ ಸುಟ್ಟು ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನಿಮ್ಮ ಕಡೆಯ ಖಡಕ್ ರೊಟ್ಟಿಯ ಹಾಗೆಯೇ. ಲಕ್ಸರ್, ಕೆನಾ ಕಡೆ "ಐಶ್ ಶಮ್ಸಿ" ಇದೆ, ಕಣಕವನ್ನು ಮಣ್ಣಿನ ತಟ್ಟೆಯ ಮೇಲಿಟ್ಟು ಬಿಸಿಲಿನಲ್ಲಿ ಉಬ್ಬಿಸಿ ಮನೆಯ ಒಲೆಯಲ್ಲೇ ಸುಡುತ್ತಾರೆ. ಶಮ್ಸ್ ಅಂದರೆ ಸೂರ್ಯ.

ಬಯಲುಸೀಮೆ
ಮೆಂತ್ಯ ಎಷ್ಟು ಹಾಕ್ತಾರ? ನಮ್ಮ ಕಡೆ ಬರೇ ಕುದಿಯೋ ನೀರಿನಾಗ ಜಿಗಿ ಬರಿಸ್ತಾರ.

ಹಿಟ್ಟಿನ ಗಿರಣಿ
ಮನೆಮನೆಗೆ ಬೇರೆ. ಕೆಜಿ ಹಿಟ್ಟಿಗೆ ಎರಡು ಮೂರು ಚಮಚದಿಂದ ಶುರು ಮಾಡಿ, ಹೆಚ್ಚಾದರೆ ಕಹಿ. ಪುಡಿಯನ್ನು ಒಣಗಿದ್ದಾಗಲೇ ಹಿಟ್ಟಿಗೆ ಕಲಸಿ, ಆಮೇಲೆ ನೀರು. ಮೊದಲೇ ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ.